ಕೀಲಿಮಣೆಯ ಲೋಪಸಂಧಿ

ಇದ್ದುದರಲ್ಲಿ ಬೇಡವಾದುದನ್ನು ತೆಗೆದುಹಾಕುವುದು ಸದ್ಗುಣವೆಂದು ಲೋಕವು ಸಾಮಾನ್ಯವಾಗಿ ಒಪ್ಪಿಕೊಂಡಿದೆ. ಮಿತವೆಂಬ ಪದವು ಆಹಾರಕ್ಕೆ ಹತ್ತಲಿ, ಮಾತಿಗೆ ಹತ್ತಲಿ, ವ್ಯಯಕ್ಕೆ ಹತ್ತಲಿ, ಅಲ್ಲಿ ಒಂದು ಗೌರವವು ತಾನಾಗಿಯೇ ಹುಟ್ಟುತ್ತದೆ. ಆದರೆ ಬೇಡವಾದುದು ಯಾವುದು, ಅದು ಯಾರಿಗೆ ಬೇಡ, ಅದನ್ನು ತೆಗೆದಮೇಲೆ ಅದು ಮಾಡುತ್ತಿದ್ದ ಕೆಲಸವನ್ನು ಯಾರು ಹೊರತಕ್ಕವರು ಎಂಬ ಪ್ರಶ್ನೆಗಳನ್ನು ಈ ಗೌರವವು ಅನೇಕ ವೇಳೆ ಮರೆಸಿಬಿಡುತ್ತದೆ. ಪ್ರಶ್ನೆಯು ದೊಡ್ಡದು. ಅದನ್ನು ವಿಚಾರಿಸುವುದಕ್ಕಾಗಿ ಇಲ್ಲಿ ಆರಿಸಿಕೊಂಡಿರುವ ಪದಾರ್ಥ ಮಾತ್ರ ಬಹಳ ಸಣ್ಣದು. ಈಗ ಓದುಬರಹ ಬಲ್ಲ ಬಹುಮಂದಿಯ ಮನೆಯಲ್ಲಿರುವ ಗಣಕಯಂತ್ರದ ಕೀಲಿಮಣೆ.

ಸಾಗರದ ಸಮೀಪದ ವರದಮೂಲದಲ್ಲಿ ವರದಾ ನದಿಯು ಹುಟ್ಟುವ ಸ್ಥಳವು ಒಂದು ಕೊಳ. ಅಲ್ಲಿಂದ ಹೊರಟ ನೀರು ಬನವಾಸಿಯನ್ನು ಬಳಸಿಕೊಂಡು ಹೋಗಿ ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ಕೊಳವು ಚಿಕ್ಕದೆಂದು ಯಾತ್ರಿಕರಾರೂ ಅದರಲ್ಲಿ ಕೊರತೆಯನ್ನು ಕಾಣುವುದಿಲ್ಲ. ಏತಕ್ಕೆಂದರೆ ಅದು ಏನನ್ನೋ ಕಳೆದುಕೊಂಡು ಚಿಕ್ಕದಾದುದಲ್ಲ. ದೊಡ್ಡದಾಗಿ ಹುಟ್ಟಿದ್ದನ್ನು ಚಿಕ್ಕದು ಮಾಡುವ ಸಂಗತಿ ಬೇರೆ. ಆ ಸೀಮೆಯ ಅಡಕೆತೋಟದ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಒಂದೇ ಮೇಜು, ಅದರ ಮೇಲೆ ಲೆಕ್ಕದ ಪುಸ್ತಕ, ಪಂಚಾಂಗ, ಮಕ್ಕಳ ಪಾಠ, ಇವುಗಳ ನಡುವೆ ಮುಕ್ಕಾಲು ಮೊಳಕ್ಕಿಂತ ಹೆಚ್ಚು ಉದ್ದದ ಕೀಲಿಮಣೆ. ಅದನ್ನು ಕಿರಿದು ಮಾಡಿದರೆ ಮೇಜು ಹಗುರಾದೀತು ಎಂಬ ಯೋಚನೆ ಆ ಮನೆಯ ಯುವಕನಿಗೆ ಬಂದರೆ ಅದನ್ನು ಅನ್ಯಾಯವೆನ್ನಲಾಗದು. ಹೊಸದೊಂದನ್ನು ಕೊಳ್ಳುವುದಕ್ಕೆ ಬದಲಾಗಿ ಇದ್ದುದನ್ನೇ ತಿದ್ದಿಕೊಳ್ಳುವ ಮನಸ್ಸಂತೂ ಮೆಚ್ಚತಕ್ಕದ್ದೇ.

ಪೂರ್ಣಪ್ರಮಾಣದ ಕೀಲಿಮಣೆಯಲ್ಲಿ ಸಾಮಾನ್ಯವಾಗಿ 104 ಕೀಲಿಗಳಿರುತ್ತವೆ. ಒಂದು ಕೀಲಿಯ ನಡುವಿನಿಂದ ಮುಂದಿನದರ ನಡುವಿಗೆ ಮುಕ್ಕಾಲು ಅಂಗುಲ, ಅಂದರೆ ಸುಮಾರು 19 ಮಿಲಿಮೀಟರು. ಬಲತುದಿಯಲ್ಲಿ ಅಂಕಿಗಳಿಗಾಗಿಯೇ ಮೀಸಲಾದ 17 ಕೀಲಿಗಳ ಒಂದು ಗುಂಪುಂಟು. ಅದನ್ನು ತೆಗೆದರೆ 87 ಉಳಿಯುತ್ತವೆ. ಬಾಣದ ಗುರುತಿನವೂ ಅವುಗಳ ಮೇಲಿನವೂ ಸೇರಿ 13, ತೀರ ಮೇಲಿನ ಸಾಲಿನಲ್ಲಿ ಮತ್ತೆ 13; ಇವನ್ನೂ ಬಿಟ್ಟರೆ 61. ಅಂಕಿಯ ಗುಂಪೊಂದು ಹೋದರೇ ಎಂಟು ಸೆಂಟಿಮೀಟರಿನಷ್ಟು ಜಾಗವುಳಿದು, ಬಲಗೈಯನ್ನು ಅಷ್ಟು ದೂರ ಚಾಚುವ ಶ್ರಮವೂ ತಪ್ಪುತ್ತದೆ. ಭುಜನೋವಿನವರಿಗೆ ಇದು ಕಡಮೆಯ ಲಾಭವಲ್ಲ.

ಗರಗಸವನ್ನು ಹಿಡಿದವನಿಗೆ ಎದುರಾಗುವ ತೊಡಕು ಕಣ್ಣಿಗೆ ಕಾಣಿಸದಂಥದು. ಪ್ರತಿಯೊಂದು ಕೀಲಿಗೂ ಪ್ರತ್ಯೇಕವಾದ ತಂತಿಯಿರುವುದಿಲ್ಲ. ಬಟ್ಟೆಯ ಹಾಸುಹೊಕ್ಕಿನಂತೆ ಕೆಲವು ಅಡ್ಡದಾರಿಗಳು, ಕೆಲವು ನೀಟದಾರಿಗಳು. ಅವು ಒಂದನ್ನೊಂದು ಹಾಯುವ ಕಡೆ ಒಂದೊಂದು ಕೀಲಿ. ಎಂಟು ಅಡ್ಡ, ಹದಿನಾರು ನೀಟ ಎಂದಿಟ್ಟುಕೊಂಡರೆ 24 ದಾರಿಗಳಿಂದಲೇ 128 ಕೀಲಿಗಳಿಗೆ ಎಡೆಯಾಗುತ್ತದೆ. ಲಾಘವದ ದೃಷ್ಟಿಯಿಂದ ಇದೊಂದು ಸೊಗಸಾದ ಏರ್ಪಾಡು. ಆದರೆ ಈ ದಾರಿಗಳು ಕೀಲಿಗಳ ಮೇಲ್ನೋಟದ ಸಾಲನ್ನು ಅನುಸರಿಸಿಯೇ ಹೋಗಬೇಕೆಂಬ ನಿಯಮವಿಲ್ಲ. ಎಡಗಡೆಯ ಯಾವುದೋ ಅಕ್ಷರದ ದಾರಿಯು ಬಲಗಡೆಯ ಅಂಕಿಗಳ ಕೆಳಗೆ ಸುತ್ತಿಕೊಂಡು ಬಂದಿರಬಹುದು. ಅಂಕಿಗಳು ಬೇಡವೆಂದು ಕೊಯ್ದವನ ಕೈಯಲ್ಲಿ ಅಕ್ಷರಗಳೂ ಸಾಯುವುದು ಹೀಗೆ. ಅಗ್ಗದ ಮಣೆಗಳಲ್ಲಿಯಂತೂ ಈ ದಾರಿಗಳನ್ನು ತೆಳ್ಳನೆಯ ಹಾಳೆಯ ಮೇಲೆ ವಿದ್ಯುತ್ತು ಹರಿಯುವ ಮಸಿಯಿಂದ ಅಚ್ಚುಹಾಕಿರುವುದರಿಂದ ಕಡಿದುದನ್ನು ಬೆಸುಗೆ ಹಾಕಿ ಕೂಡಿಸುವಂತೆಯೂ ಇಲ್ಲ. ಬಲ್ಲವರು ಮೊದಲು ಹಾಳೆಯನ್ನು ಬಿಚ್ಚಿ, ಪ್ರತಿಯೊಂದು ದಾರಿಯೂ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದನ್ನು ಬರೆದುಕೊಂಡು, ಆಮೇಲೆ ಗರಗಸವನ್ನು ಮುಟ್ಟುತ್ತಾರೆ. ಸಾಗರ ಸೊರಬಗಳ ಗುಡಿಗಾರರು ಗಂಧದ ತುಂಡಿಗೆ ಉಳಿಯನ್ನು ಇಡುವ ಮುಂಚೆ ಅದರ ಎಳೆಯನ್ನು ನೋಡುವ ಎಚ್ಚರವೂ ಇದೇ ಜಾತಿಯದು. ಅವರ ಕಸಬೆಲ್ಲ ತೆಗೆದುಹಾಕುವುದರಲ್ಲಿಯೇ ಇದೆ. ಆದರೂ ತೆಗೆಯುವುದನ್ನು ಅವರು ಕಡೆಯ ಕೆಲಸವಾಗಿ ಮಾಡುತ್ತಾರೆ.

ಇಷ್ಟು ಕೈಗೆಲಸದ ಮಾತಾಯಿತು. ಇನ್ನು ಯುವಕನ ವಾದವನ್ನು ಕೇಳಬೇಕು. ವಸ್ತುವು ತನ್ನದು, ಅಂಕಿಯ ಗುಂಪನ್ನು ತಾನು ಮುಟ್ಟುವುದೇ ಇಲ್ಲ, ಅಂಕಿಗಳು ಅಕ್ಷರಗಳ ಮೇಲಿನ ಸಾಲಿನಲ್ಲಿ ಇನ್ನೊಮ್ಮೆ ಇದ್ದೇ ಇವೆ, ಎರಡು ಸಲ ಇರುವುದರಲ್ಲಿ ಒಂದನ್ನು ತೆಗೆದರೆ ಯಾರಿಗೇನು ನಷ್ಟ? ಈ ವಾದದಲ್ಲಿ ಸತ್ಯದ ಅಂಶವು ಬಹಳವಾಗಿದೆ. ಕತೆ ಬರೆಯುವವನಿಗೆ ಆ ಗುಂಪು ನಿಜವಾಗಿಯೂ ಕಾಡುಗಿಡವೇ. ಆದರೆ ಅದೇ ಮನೆಯಲ್ಲಿ ಅಡಕೆಯ ತೂಕವನ್ನೂ ಧಾರಣೆಯನ್ನೂ ಸಂಜೆ ಕುಳಿತು ಏರಿಸುವ ಹಿರಿಯನೊಬ್ಬನಿದ್ದರೆ? ಅವನ ಎಡಗೈಯ ಬೆರಳು ಲೆಕ್ಕದ ಪುಸ್ತಕದ ಸಾಲಿನ ಮೇಲಿರುತ್ತದೆ. ಬಲಗೈಯೊಂದೇ, ಐದರ ಮೇಲಿನ ಸಣ್ಣ ಉಬ್ಬನ್ನು ತಡವಿ ನೆಲೆಯನ್ನು ಕಂಡುಕೊಂಡು, ಕಣ್ಣಿನ ಹಂಗಿಲ್ಲದೆ ಓಡುತ್ತಿರುತ್ತದೆ. ಮೇಲಿನ ಸಾಲಿನಲ್ಲಿಯೂ ಅದೇ ಅಂಕಿಗಳಿವೆಯೆಂಬುದು ಅವನಿಗೆ ಸಮಾಧಾನವಲ್ಲ. ಬಾವಿಯಲ್ಲಿ ನೀರಿರುವಾಗ ಕೊಡವೇತಕ್ಕೆಂದು ಕೇಳಿದ ಹಾಗಾಯಿತು. ಕತೆಗಾರನಿಗೆ ಎರಡನೆಯ ಸಲವಾಗಿ ಕಂಡುದು ಲೆಕ್ಕಿಗನಿಗೆ ಮೊದಲನೆಯದು. ನಿರುಪಯೋಗವೆಂಬ ಗುಣವು ಕೀಲಿಯಲ್ಲಿಲ್ಲ; ಕೀಲಿಗೂ ಒಬ್ಬನ ಕೈಗೂ ಇರುವ ಸಂಬಂಧದಲ್ಲಿದೆ. ಆದ್ದರಿಂದ ಒಬ್ಬನು ತನಗೆ ಬೇಡವೆನ್ನಬಹುದೇ ಹೊರತು ಬೇಡವೆಂದಷ್ಟೇ ಹೇಳಿ ನಿಲ್ಲಿಸುವಂತಿಲ್ಲ.

ಮನೆಯೊಳಗಿನ ಈ ತಕರಾರು ಮನೆಯೊಳಗೇ ತೀರೀತು. ಅದಕ್ಕಿಂತ ತೂಕವಾದುದು ಮುಂದಿದೆ. 61ಕ್ಕೂ ಇಳಿಸಿ, ನಲವತ್ತು ಐವತ್ತು ಕೀಲಿಗಳಲ್ಲಿಯೇ ತೃಪ್ತಿಪಡುವವರು ಉಂಟು. ಅಂಥ ಹಲವು ಮಣೆಗಳಲ್ಲಿ ಅಂಕಿಗಳ ಸಾಲಿಲ್ಲ. ಇಂಗ್ಲಿಷಿನ ಪಿ ಎಂಬ ಅಕ್ಷರದ ಬಲಕ್ಕಿರುವ ಆವರಣಚಿಹ್ನೆಗಳಿಲ್ಲ. ಎಲ್ ಎಂಬುದರ ಬಲಕ್ಕಿರುವ ವಿರಾಮಚಿಹ್ನೆಗಳನ್ನೂ ಕೆಲವರು ಬಿಟ್ಟಿದ್ದಾರೆ. ಇಂಗ್ಲಿಷು ಬರೆಯುವವನಿಗೆ ಇವು ಅಂಚಿನ ಪರಿವಾರ. ಅಕ್ಷರವೆಂಬ ರಾಜಕುಟುಂಬಕ್ಕೆ ಸೇರಿದವಲ್ಲ. ಆದರೆ ಭಾರತದ ಲಿಪಿಗಳಿಗೆಲ್ಲ ಒಂದೇ ಕ್ರಮವಿರಲೆಂದು ಕೇಂದ್ರ ಸರ್ಕಾರದ ವಿದ್ಯುನ್ಮಾನ ಇಲಾಖೆಯು 1986ರಲ್ಲಿ ಗೊತ್ತುಮಾಡಿ, 1991ರಲ್ಲಿ ರಾಷ್ಟ್ರೀಯ ಮಾನಕವಾದ ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸದಲ್ಲಿ ಆ ಅಂಚಿನ ಕೀಲಿಗಳ ಮೇಲೆ ಕುಳಿತಿರುವವರು ಯಾರು? ಪಿ ಅಕ್ಷರದ ಪಕ್ಕದ ಆವರಣಚಿಹ್ನೆಯ ಮೇಲೆ ಡಕಾರ ಢಕಾರಗಳು. ಎಲ್ ಅಕ್ಷರದ ಪಕ್ಕದ ವಿರಾಮಚಿಹ್ನೆಯ ಮೇಲೆ ಚಕಾರ ಛಕಾರಗಳು. ಅದರಾಚೆ ಟಕಾರ ಠಕಾರಗಳು. ಆ ಕೀಲಿಗಳನ್ನು ನಿರುಪಯುಕ್ತವೆಂದು ತೆಗೆದ ಮಣೆಯ ಮೇಲೆ ಊಟವಿಲ್ಲ, ಮಾತಿನಲ್ಲಿ ಚೆಲುವಿಲ್ಲ; ಅದು ಹಾಗಿರಲಿ, ಕನ್ನಡವೆಂಬ ಹೆಸರನ್ನೇ ಬರೆಯುವಂತಿಲ್ಲ, ಡಕಾರವು ಹೋಯಿತು.

ಆ ಮಣೆಯನ್ನು ರೂಪಿಸಿದವನು ಕನ್ನಡಕ್ಕೆ ದ್ರೋಹವನ್ನು ಬಗೆದನೆ? ಇಲ್ಲ. ಅವನಿಗೆ ಕನ್ನಡವೆಂಬುದೊಂದು ಇರುವುದೇ ತಿಳಿದಿರಲಾರದು. ಇಲ್ಲಿಯೇ ನೀತಿಶಾಸ್ತ್ರಕ್ಕೆ ಕಷ್ಟವಾದ ಗಂಟು ಇರುವುದು. ದ್ವೇಷದಿಂದ ಮಾಡಿದ ಕೆಡಕಿಗೆ ಹೆಸರುಂಟು, ಶಿಕ್ಷೆಯುಂಟು. ತನ್ನ ಮೇಜನ್ನು ಚೊಕ್ಕಟ ಮಾಡಿಕೊಳ್ಳುವ ನಿರ್ಮಲವಾದ ಸಂತೋಷದಲ್ಲಿ, ಎದುರಿಗಿಲ್ಲದವನ ಬಾಯಿಂದ ಒಂದು ಅಕ್ಷರವನ್ನು ಕಿತ್ತುಕೊಂಡುದಕ್ಕೆ ಏನೆನ್ನಬೇಕು? ಅಜ್ಞಾನವೆಂದು ಬಿಟ್ಟುಬಿಡಬಹುದು. ಆದರೆ ತಿಳಿದ ಮೇಲೆಯೂ ಅದೇ ಮಣೆಯನ್ನು ಕನ್ನಡದ ಶಾಲೆಗೆ ಹಂಚುವವನು ಆ ಹೆಸರಿನ ಮರೆಯಲ್ಲಿ ನಿಲ್ಲಲಾರನು.

ಹಾಗಾದರೆ ಕಿರಿದು ಮಾಡುವುದೆಲ್ಲವೂ ದೋಷವೆ? ಅಕ್ಷರಯಂತ್ರಗಳ ಚರಿತ್ರೆಯು ಅದನ್ನು ಒಪ್ಪುವುದಿಲ್ಲ. 1874ರಲ್ಲಿ ಮಾರಾಟಕ್ಕೆ ಬಂದ ಶೋಲ್ಸ್ ಮತ್ತು ಗ್ಲಿಡನ್ ಎಂಬವರ ಬೆರಳಚ್ಚು ಯಂತ್ರದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳು ಮಾತ್ರ ಇದ್ದುವು. ಸಣ್ಣಕ್ಷರಗಳೂ ಬೇಕಾದಾಗ ಕೆಲವು ತಯಾರಕರು ಅವಕ್ಕೆ ಬೇರೆ ಕೀಲಿಗಳನ್ನೇ ಇಟ್ಟು ಮಣೆಯನ್ನು ಇಮ್ಮಡಿಯಾಗಿ ಬೆಳೆಸಿದರು. 1878ರ ರೆಮಿಂಗ್ಟನ್ ಯಂತ್ರವು ಮತ್ತೊಂದು ಹಾದಿಯನ್ನು ಹಿಡಿಯಿತು. ಪ್ರತಿಯೊಂದು ಅಚ್ಚಿನ ಮೊಳೆಯಲ್ಲಿಯೂ ಎರಡು ರೂಪಗಳು. ಒಂದು ಕೀಲಿಯನ್ನು ಒತ್ತಿ ಹಿಡಿದರೆ ಎಲ್ಲ ಕೀಲಿಗಳೂ ತಮ್ಮ ಎರಡನೆಯ ರೂಪವನ್ನು ತೋರುವುವು. ಮಣೆಯು ಅರ್ಧವಾಯಿತು, ಅಕ್ಷರವೊಂದೂ ಕಡಮೆಯಾಗಲಿಲ್ಲ. ಇಂದಿಗೂ ಪ್ರತಿಯೊಂದು ಕೀಲಿಮಣೆಯ ಎರಡು ತುದಿಗಳಲ್ಲಿಯೂ ಆ ಕೀಲಿಯು ಕುಳಿತಿದೆ.

ಕನ್ನಡದ ಬೆರಳಚ್ಚಿಗೆ ಇಷ್ಟು ಸುಲಭವಾಗಿ ಬಿಡುಗಡೆಯಾಗಲಿಲ್ಲ. ಅನಂತ ಸುಬ್ಬರಾಯರಂಥವರು ಕನ್ನಡಕ್ಕೆ ಬೆರಳಚ್ಚಿನ ವಿನ್ಯಾಸವನ್ನು ಕಲ್ಪಿಸಲು ತೊಡಗಿದಾಗ ಅವರ ಮುಂದೆ ಇದ್ದುದು ಇಂಗ್ಲಿಷಿಗೆ ಅಳೆದು ಹೊಲಿದ ಅಂಗಿ. ನಲವತ್ತು ಚಿಲ್ಲರೆ ಕೀಲಿಗಳು, ಅದರ ಇಮ್ಮಡಿ ರೂಪಗಳು. ಅದರೊಳಕ್ಕೆ ಸ್ವರಗಳು, ವ್ಯಂಜನಗಳು, ಗುಣಿತದ ಚಿಹ್ನೆಗಳು, ಒತ್ತಕ್ಷರಗಳು ಎಲ್ಲವೂ ಇಳಿಯಬೇಕು. ಒತ್ತಿದರೂ ಕಾಗದವು ಸರಿಯದಂಥ ಕೀಲಿಗಳನ್ನು ಏರ್ಪಡಿಸಿ, ಅಕ್ಷರವನ್ನು ಅವಯವಗಳಾಗಿ ಬಿಡಿಸಿ ಕಾಗದದ ಮೇಲೆ ಮತ್ತೆ ಜೋಡಿಸುವ ಉಪಾಯದಿಂದ ಕೆಲಸವು ಸಾಗಿತು. ಆ ಬರಹದಲ್ಲಿ ಕನ್ನಡದ ದುಂಡುತನವು ಬಹಳ ಸೊರಗಿತು. ಆದರೂ ಕಚೇರಿಗಳ ಕಾಗದಗಳು ಕನ್ನಡದಲ್ಲಿ ಹೊರಡುವಂತಾದುದು ಅದರಿಂದಲೇ ಎಂಬ ಕೃತಜ್ಞತೆಯು ಇರತಕ್ಕದ್ದು. ಯಂತ್ರಕ್ಕಾಗಿ ಅಕ್ಷರವು ಬಾಗಿತು, ಆದರೆ ಬಿಟ್ಟುಹೋಗಲಿಲ್ಲ.

ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾಯರು ಗಣಕಯಂತ್ರದ ಕಾಲದಲ್ಲಿ ಮಾಡಿದುದು ಬೇರೆ ಬಗೆಯ ಸಂಕ್ಷೇಪ. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಂಗ್ಲಿಷಿನ 26 ಅಕ್ಷರದ ಕೀಲಿಗಳು ಎರಡೆರಡು ರೂಪಗಳಿಂದ 52 ಎಡೆಗಳನ್ನು ಕೊಡುತ್ತವೆ. ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳೆಂಬ ಲೆಕ್ಕವನ್ನು ಹಿಡಿದರೆ ಅವು ಇದರಲ್ಲಿ ಹೇಗೋ ಅಡಗಿಯಾವು. ಆದರೆ ಕಾಗುಣಿತದ ಚಿಹ್ನೆಗಳು ಒಂದು ಹನ್ನೆರಡು, ಅರ್ಧಾಕ್ಷರದ ಗುರುತೊಂದು, ಇವೂ ಸೇರಿದರೆ ಅರವತ್ತನ್ನು ದಾಟಿತು. ಮಡಕೆಯು ತುಂಬಿ ಹೊರಚೆಲ್ಲಿತು. ಯಾರನ್ನು ಹೊರಗಿಡಬೇಕು? ರಾಯರು ಯಾರನ್ನೂ ಹೊರಗಿಡಲಿಲ್ಲ. ಇಕಾರವೆಂಬ ಸ್ವರವೂ ಗುಡಿಸೆಂಬ ಚಿಹ್ನೆಯೂ ಒಂದೇ ಧ್ವನಿಯ ಎರಡು ವೇಷಗಳೆಂಬುದು ಎಳೆಯ ಮಕ್ಕಳಿಗೂ ಗೊತ್ತು. ಪದದ ಮೊದಲಲ್ಲಿ ಬಂದರೆ ಸ್ವರ, ವ್ಯಂಜನದ ಬೆನ್ನಿಗೆ ಬಂದರೆ ಗುಡಿಸು. ಹಾಗಿರುವಲ್ಲಿ ಎರಡಕ್ಕೂ ಒಂದೇ ಕೀಲಿ ಸಾಲದೆ? ಇದೆಲ್ಲಿಗೆ ಬಂತು ಎಂಬುದನ್ನು ಯಂತ್ರವೇ ನೋಡಿಕೊಂಡು ತಕ್ಕ ವೇಷವನ್ನು ತೊಡಿಸಲಿ. ಒತ್ತಕ್ಷರಗಳಿಗೂ ಬೇರೆಯಾಗಿ ಎಡೆ ಬೇಕಿಲ್ಲ. ಎರಡು ವ್ಯಂಜನಗಳ ನಡುವೆ ಕೊಂಡಿಯ ಕೀಲಿಯೊಂದನ್ನು ಒತ್ತಿದರೆ ಎರಡನೆಯದು ತಾನಾಗಿಯೇ ಕೆಳಕ್ಕಿಳಿಯುತ್ತದೆ. ಹೀಗೆ ಇಡೀ ಕನ್ನಡವು 26 ಕೀಲಿಗಳಲ್ಲಿ ನಿಂತಿತು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಮೂಲಕ ಈ ವಿನ್ಯಾಸವು ನಾಡಿನಲ್ಲೆಲ್ಲ ಹರಡಿ, ಕರ್ನಾಟಕ ಸರ್ಕಾರದ ಮನ್ನಣೆಯನ್ನೂ ಪಡೆಯಿತು. ಮೇಲೆ ಹೇಳಿದ ನಲವತ್ತು ಕೀಲಿಗಳ ಮಣೆಯನ್ನು ತಂದಿಟ್ಟರೂ ಇದರ ಡಕಾರಕ್ಕೆ ಭಯವಿಲ್ಲ.

ಗರಗಸದ ಸಂಕ್ಷೇಪಕ್ಕೂ ರಾಯರ ಸಂಕ್ಷೇಪಕ್ಕೂ ಇರುವ ಅಂತರವನ್ನು ಹೇಳುವುದಕ್ಕೆ ಕನ್ನಡದ ವ್ಯಾಕರಣದಲ್ಲಿಯೇ ಮಾತು ಸಿದ್ಧವಾಗಿದೆ. ಊರು ಎಂಬುದರ ಮುಂದೆ ಅಲ್ಲಿ ಎಂಬುದು ಬಂದರೆ ಊರಲ್ಲಿ ಎಂದಾಗುತ್ತದೆ, ಉಕಾರವು ಲೋಪವಾಯಿತು. ಆದರೆ ಈ ಲೋಪಸಂಧಿಗೆ ಶಾಲೆಯ ಪುಸ್ತಕವೂ ಮರೆಯದೆ ಹೇಳುವ ಒಂದು ಕಟ್ಟಳೆಯುಂಟು. ಅರ್ಥವು ಕೆಡದಿದ್ದ ಪಕ್ಷದಲ್ಲಿ ಮಾತ್ರ ಸ್ವರವನ್ನು ಬಿಡಬಹುದು. ಮನೆ ಎಂಬುದರ ಮುಂದೆ ಅದೇ ಅಲ್ಲಿ ಬಂದಾಗ ಎಕಾರವನ್ನು ಬಿಟ್ಟರೆ ಮನೆಯು ಉಳಿಯುವುದಿಲ್ಲ. ಆದ್ದರಿಂದ ಅಲ್ಲಿ ಭಾಷೆಯು ಬಿಡುವುದಕ್ಕೆ ಬದಲಾಗಿ ಒಂದು ಯಕಾರವನ್ನು ಕೈಯಿಂದ ಹಾಕಿ, ಮನೆಯಲ್ಲಿ ಎಂದು ಮಾಡಿಕೊಂಡಿತು. ಗುರು ಎಂಬುದು ಗುರುವನ್ನು ಆದುದೂ ಹೀಗೆಯೇ. ಜಿಪುಣತನವೇ ಭಾಷೆಯ ಸ್ವಭಾವವಾಗಿದ್ದರೆ ಈ ಆಗಮವು ಆಗತಕ್ಕದ್ದಲ್ಲ. ಎಲ್ಲಿ ಬಿಡಬೇಕು, ಎಲ್ಲಿ ಕೊಡಬೇಕು ಎಂಬುದನ್ನು ಅದು ಅರ್ಥವನ್ನು ನೋಡಿ ತೀರ್ಮಾನಿಸುತ್ತದೆ, ಅಳತೆಯನ್ನು ನೋಡಿ ಅಲ್ಲ.

ಸಂಸ್ಕೃತದ ವೈಯಾಕರಣರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪಾಣಿನಿಯ ಮತದಲ್ಲಿ ಲೋಪವೆಂದರೆ ಇಲ್ಲದೆ ಹೋಗುವುದಲ್ಲ, ಕಾಣಿಸದಿರುವುದು. ಪ್ರತ್ಯಯವು ಲೋಪವಾದರೂ ಅದರಿಂದ ಆಗಬೇಕಾದ ಕಾರ್ಯವು ನಡೆದೇ ನಡೆಯುತ್ತದೆಂದು ಅವನು ವಿಧಿಸಿದ್ದಾನೆ. ಐ.ಬಿ.ಎಂ. ಸಂಸ್ಥೆಯು 1987ರಲ್ಲಿ 84 ಕೀಲಿಗಳ ಒಂದು ಕಿರುಮಣೆಯನ್ನು ಹೊರತಂದಾಗ ಅಂಕಿಯ ಗುಂಪನ್ನು ತೆಗೆದುಹಾಕಿತು, ನಿಜ. ಆದರೆ ಬಲಗೈಯ ಕೆಳಗಿನ ಅಕ್ಷರಗಳ ಕೀಲಿಗಳಲ್ಲಿಯೇ ಅದನ್ನು ಅಡಗಿಸಿಟ್ಟು, ಬೇಕೆಂದಾಗ ಕರೆದುಕೊಳ್ಳುವ ಏರ್ಪಾಡನ್ನೂ ಮಾಡಿತು. ಅದು ಪಾಣಿನಿಯ ಲೋಪ. ಮೇಜಿನ ಅಂಚಿನಲ್ಲಿ ಮಣೆಯನ್ನಿಟ್ಟು ಕೊಯ್ದುದು ನಾಶ. ಎರಡೂ ಹೊರಗಿನಿಂದ ಒಂದೇ ಅಳತೆಯಾಗಿ ಕಾಣಬಹುದು.

ಈ ವಾದಕ್ಕೆ ಒಂದು ಬಲವಾದ ಆಕ್ಷೇಪಣೆಯಿದೆ. ಮಲೆನಾಡಿನ ಮನೆಯಲ್ಲಿ ಅಟ್ಟಕ್ಕೆ ಏರಿಸಿದ ಸಾಮಾನು ಎಲ್ಲಿದೆಯೆಂಬುದು ಏರಿಸಿದವನಿಗೆ ಗೊತ್ತು. ಉಳಿದವರ ಪಾಲಿಗೆ ಅದು ಕಳೆದುಹೋದ ಹಾಗೆಯೇ. ಮೂರು ಕೀಲಿಗಳನ್ನು ಒಟ್ಟಿಗೆ ಹಿಡಿದರೆ ಬರುವ ಅಂಕಿಯು ಯುವಕನಿಗೆ ಕೇವಲ ಅಡಗಿದ್ದುದು, ಅಜ್ಜಿಗೆ ಇಲ್ಲವಾದುದು. ಪಾಣಿನಿಯನ್ನೇ ನೋಡಬಹುದು. ಅರ್ಧಮಾತ್ರೆಯು ಉಳಿದರೆ ವೈಯಾಕರಣನು ಮಗನು ಹುಟ್ಟಿದಷ್ಟು ಹಿಗ್ಗುತ್ತಾನೆಂಬ ಗಾದೆಯು ಅವನ ಸಂಪ್ರದಾಯದಲ್ಲಿ ಹುಟ್ಟಿದ್ದು. ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಭಾಷೆಯನ್ನೇ ಕಟ್ಟಿಹಾಕಿದ್ದು ಅದ್ಭುತವೇ. ಆದರೆ ಹಿಂದಿನ ಸೂತ್ರದ ಪದವನ್ನು ಮುಂದಿನದಕ್ಕೆ ಮನಸ್ಸಿನಲ್ಲಿಯೇ ಎಳೆದುಕೊಂಡು ಬರಬೇಕಾದ ವಿದ್ಯಾರ್ಥಿಯ ಶ್ರಮವೆಷ್ಟು! ಸೂತ್ರದಲ್ಲಿ ಉಳಿಸಿದ ಮಾತುಗಳನ್ನು ಪತಂಜಲಿಯು ಮಹಾಭಾಷ್ಯದಲ್ಲಿ ಬಡ್ಡಿಸಹಿತವಾಗಿ ಖರ್ಚುಮಾಡಬೇಕಾಯಿತು. ಸಂಕ್ಷೇಪದಲ್ಲಿ ಭಾರವು ಕರಗುವುದಿಲ್ಲ. ಮೇಜಿನಿಂದ ಇಳಿದದ್ದು ನೆನಪಿನ ಮೇಲೆ ಏರುತ್ತದೆ, ಒಬ್ಬನ ನೆನಪಿನಿಂದ ಇನ್ನೊಬ್ಬನ ನೆನಪಿಗೆ ದಾಟುತ್ತದೆ. ರಾಯರ ವಿನ್ಯಾಸದ ಹೆಚ್ಚಳವು ಇಲ್ಲಿಯೇ ಇರುವುದು. ಸ್ವರವೋ ಗುಣಿತವೋ ಎಂದು ತಿಳಿಯುವ ಭಾರವನ್ನು ಅವರು ಬರೆಯುವವನ ತಲೆಯ ಮೇಲೆ ಹೊರಿಸದೆ ಯಂತ್ರದ ತಲೆಯ ಮೇಲೆ ಹೊರಿಸಿದರು. ಅದರಲ್ಲಿಯೂ ಇಂಗ್ಲಿಷಿನ ಅಕ್ಷರಮಾಲೆಯನ್ನು ಅರಿಯದವನಿಗೆ ಸ್ವಲ್ಪ ತೊಡಕುಂಟು. ಕಕಾರದ ನೆಲೆಯನ್ನು ಅವನು ಹುಡುಕಬೇಕು, ಕೆ ಎಂಬುದರ ನೆನಪು ಅವನಿಗೆ ದಾರಿಯನ್ನು ತೋರಿಸಲಾರದು. ಇನ್‌ಸ್ಕ್ರಿಪ್ಟಿನ ಪಕ್ಷದವರು ಈ ಮಾತನ್ನು ಎತ್ತಿಹೇಳುವುದು ನ್ಯಾಯವಾಗಿಯೇ ಇದೆ. ಅವರ ಮಣೆಯಲ್ಲಿ ಸ್ವರಗಳು ಎಡಕ್ಕೆ, ವ್ಯಂಜನಗಳು ಬಲಕ್ಕೆ ನಿಂತಿವೆ; ಒಮ್ಮೆ ಕಲಿತರೆ ತೆಲುಗಿಗೂ ನಾಗರಿಗೂ ಅದೇ ಕೈ ಸಾಗುತ್ತದೆ. ಅಷ್ಟನ್ನು ಕೊಡುವುದಕ್ಕಾಗಿಯೇ ಅದು ಅಂಚಿನ ಕೀಲಿಗಳವರೆಗೆ ಹರಡಿಕೊಳ್ಳಬೇಕಾಯಿತು. ಹರವಿನಲ್ಲಿಯೂ ಒಂದು ಔದಾರ್ಯವಿರಬಹುದು.

ಭಾಷೆಯು ತಾನಾಗಿಯೇ ಬಿಟ್ಟುಕೊಟ್ಟ ಅಕ್ಷರಗಳೂ ಇವೆಯಲ್ಲವೆ ಎಂದು ಕೇಳಬಹುದು. ಇವೆ. ಹಳಗನ್ನಡದಲ್ಲಿ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಜೀವಿಸು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರದ ಪದಗಳನ್ನು ಪಟ್ಟಿಮಾಡಿಕೊಡಬೇಕಾಗಿ ಬಂದುದನ್ನು ನೋಡಿದರೆ, ಆ ವೇಳೆಗಾಗಲೇ ಜನರ ನಾಲಗೆಯಲ್ಲಿ ಈ ಭೇದವು ಸಡಿಲವಾಗುತ್ತಿತ್ತೆಂದು ತೋರುತ್ತದೆ. ಕಾಲಕ್ರಮದಲ್ಲಿ ೞಕಾರವು ಹೋಯಿತು. ಬಾಳೆಂಬ ಒಂದೇ ರೂಪದಲ್ಲಿ ಕತ್ತಿಯೂ ಬದುಕೂ ಕೂಡಿಕೊಂಡುವು. ಇದನ್ನು ಯಾರೂ ಗರಗಸದಿಂದ ಮಾಡಲಿಲ್ಲ. ಆಡುವವರೆಲ್ಲ ತಲೆಮಾರುಗಳ ಕಾಲ ಸೇರಿ, ತಮ್ಮ ಹೊರೆಯನ್ನು ತಾವೇ ಹೊತ್ತುಕೊಂಡು ಬಿಟ್ಟದ್ದು ಅದು. ಅದಕ್ಕೂ ಮೇಜಿನ ಅಳತೆಗಾಗಿ ಬಿಡಿಸುವುದಕ್ಕೂ ಹೋಲಿಕೆಯಿಲ್ಲ. ಕುತೂಹಲದ ವಿಷಯವೆಂದರೆ, ಲೋಕದ ಲಿಪಿಗಳಿಗೆಲ್ಲ ಸಂಖ್ಯೆಗಳನ್ನು ಗೊತ್ತುಮಾಡುವ ಯೂನಿಕೋಡ್ ಎಂಬ ಸಂಕೇತವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ 128 ಎಡೆಗಳು ದೊರೆತವು. ಅವುಗಳಲ್ಲೊಂದು ಈ ೞಕಾರಕ್ಕೂ ಸಂದಿದೆ. ಅಲ್ಲಿ ಅದಕ್ಕೆ ತಪ್ಪಾಗಿ ಫಕಾರವೆಂಬ ಅರ್ಥದ ಹೆಸರು ಬಿತ್ತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮವಿರುವುದರಿಂದ ತಿದ್ದುಪಡಿಯ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ಪರರ ಹೆಸರನ್ನು ಹೊತ್ತುಕೊಂಡಾದರೂ ಆ ಮುದುಕನಿಗೆ ಮನೆಯಲ್ಲೊಂದು ಮೂಲೆ ಸಿಕ್ಕಿತು. ಕೋಶಗಳನ್ನು ಮಾಡುವವರಿಗೂ ಹಳೆಯ ಶಾಸನಗಳನ್ನು ಅಚ್ಚುಹಾಕಿಸುವವರಿಗೂ ಅವನು ಇನ್ನೂ ಬೇಕಾದವನು.

ಇನ್ನು ವರದಮೂಲದ ಮೇಜಿನ ಮಾತು. ಅಲ್ಲಿನ ಯುವಕನು ಹಾಳೆಯನ್ನು ಬಿಚ್ಚಿ, ದಾರಿಗಳನ್ನು ಗುರುತಿಸಿ, ಕಡಿದುಹೋಗತಕ್ಕ ಕಡೆಗಳಿಗೆ ಸಣ್ಣ ತಂತಿಗಳಿಂದ ಸೇತುವೆಯನ್ನು ಕಟ್ಟುವಷ್ಟು ತಾಳ್ಮೆಯುಳ್ಳವನಾದರೆ ಅವನ ಕೆಲಸವು ಅಲ್ಲಿಗೆ ಮುಗಿಯಬೇಕಾದುದಿಲ್ಲ. ಕೊಯ್ದ ತುಂಡಿನಲ್ಲಿ 17 ಕೀಲಿಗಳು ಕೆಡದೆ ಇವೆ. ಅವಕ್ಕೆ ಬೇಕಾದುದು ನಾಲ್ಕೈದು ಅಡ್ಡ, ಅಷ್ಟೇ ನೀಟ ದಾರಿಗಳು, ಅವುಗಳನ್ನು ಓದುವ ಒಂದು ಚಿಕ್ಕ ನಿಯಂತ್ರಕ, ಗಣಕಕ್ಕೆ ಹೋಗುವ ಒಂದು ತಂತಿ. ಅಷ್ಟನ್ನು ಮಾಡಿ ಆ ತುಂಡನ್ನು ಲೆಕ್ಕದ ಪುಸ್ತಕದ ಪಕ್ಕದಲ್ಲಿಟ್ಟರೆ, ಸಂಜೆ ಹಿರಿಯನ ಬಲಗೈಯು ಐದರ ಉಬ್ಬನ್ನು ಮೊದಲಿನಂತೆಯೇ ತಡವಿಕೊಂಡು ತೂಕ, ಧಾರಣೆ, ಮೊಬಲಗುಗಳನ್ನು ಏರಿಸಲು ತೊಡಗುತ್ತದೆ. ಎಡಗೈಯವನಾದರೆ ತುಂಡನ್ನು ಎಡಕ್ಕೆ ಇಟ್ಟುಕೊಳ್ಳಬಹುದು. ಪೂರ್ಣಪ್ರಮಾಣದ ಮಣೆಯಲ್ಲಿ ಆ ಅನುಕೂಲವು ಇರಲಿಲ್ಲ.